ಒಂದೇ ಕೌಂಟರಿನ ಸಾಕ್ಷಿ ಸಾಲದು

ಪದವಿ ಕಾಲೇಜುಗಳ ಪ್ರಾಜೆಕ್ಟ್ ಪರೀಕ್ಷೆಗೆ ನನ್ನನ್ನು ಕರೆಯುವಾಗ ಮೇಜಿನ ಮೇಲೆ ಏನಿರುತ್ತದೆ ಎಂಬುದು ಈಗ ಹೋಗುವ ಮೊದಲೇ ತಿಳಿದಿರುತ್ತದೆ. ವಿಕಿರಣದ ಕಣಗಳನ್ನು ಎಣಿಸುವ ಒಂದು ಗೈಗರ್ ಕೌಂಟರ್, ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪ್, ಗೋಡೆಗೆ ಅಂಟಿಸಿದ ಚಾರ್ಟಿನ ಮೇಲೆ 'ವಿಶ್ವಕಿರಣಗಳ ಅಳತೆ', ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳ ಅಳತೆ, ಎಂಬ ಶೀರ್ಷಿಕೆ. ಇವು ವಿಶ್ವಕಿರಣಗಳೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಬರುವ ಉತ್ತರವೂ ಒಂದೇ: 'ಕೌಂಟರ್ ಎಣಿಸಿದೆಯಲ್ಲ, ಸರ್.' ಮಕ್ಕಳ ಉತ್ಸಾಹ ನನಗೆ ಪ್ರಿಯವಾದದ್ದು. ಆದರೆ ಈ ಉತ್ತರವನ್ನು ತಿದ್ದದೆ ಅಂಕ ಕೊಟ್ಟು ಕಳುಹಿಸುವ ನಮ್ಮ ಅಧ್ಯಾಪಕ ಮಿತ್ರರ ಮೇಲೆ ಬೇಸರವಾಗುತ್ತದೆ.

ಕೌಂಟರಿನ ಗೈಗರ್ ಕೊಳವೆಯೊಳಗೆ ಯಾವುದೇ ಕಣ ಅನಿಲವನ್ನು ಅಯಾನೀಕರಿಸಿದರೂ ಹುಟ್ಟುವ ವಿದ್ಯುತ್ ಪಲ್ಸ್ ಒಂದೇ ಗಾತ್ರದ್ದು. ಕಾಲಡಿಯ ಗ್ರಾನೈಟಿನಲ್ಲಿರುವ ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂಗಳು, ಗೋಡೆಯ ಇಟ್ಟಿಗೆ, ಕೋಣೆಯ ಗಾಳಿಯಲ್ಲಿ ಸೇರಿಕೊಂಡ ರೇಡಾನ್ ಎಂಬ ವಿಕಿರಣಶೀಲ ಅನಿಲ, ಕೊಳವೆಯ ಲೋಹದಲ್ಲೇ ಉಳಿದಿರುವ ಅಲ್ಪ ವಿಕಿರಣಶೀಲತೆ, ಇವೆಲ್ಲವೂ ಅದೇ 'ಟಿಕ್' ಸದ್ದನ್ನು ಹೊರಡಿಸುತ್ತವೆ. ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗಕ್ಕೆ ಬಡಿದು ಹುಟ್ಟಿಸುವ ಮ್ಯೂಆನ್ ಎಂಬ ಸೂಕ್ಷ್ಮ ಕಣಗಳು ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಬೆರಳಿನಷ್ಟಿರುವ ಕೊಳವೆಯ ಒಟ್ಟು ಎಣಿಕೆಯಲ್ಲಿ ಅವುಗಳ ಪಾಲು ಇದ್ದೇ ಇರುತ್ತದೆ. ಆದರೆ ಯಾವ ಟಿಕ್ ಆಕಾಶದ್ದು, ಯಾವುದು ನೆಲದ್ದು ಎಂದು ಬೇರ್ಪಡಿಸುವ ಶಕ್ತಿ ಆ ಒಂದು ಕೊಳವೆಗೆ ಇಲ್ಲ.

ಮಲೆನಾಡಿನ ಕಾಲೇಜೊಂದರಲ್ಲಿ ಮೂವರು ವಿದ್ಯಾರ್ಥಿಗಳು ಜಗಲಿಯ ಮೇಲೆ ಕೌಂಟರ್ ಇಟ್ಟು ಗುಡುಗು ಮಳೆಯ ಹೊತ್ತಿನಲ್ಲಿ ಎಣಿಕೆ ಏರಿದ್ದನ್ನು ಗುರುತು ಹಾಕಿಕೊಂಡಿದ್ದರು. ಸಿಡಿಲಿನೊಂದಿಗೆ ವಿಶ್ವಕಿರಣಗಳು ಹೆಚ್ಚಾದವು ಎಂಬುದು ಅವರ ತೀರ್ಮಾನ. ನಾನು ಅವರ ನೋಟ್‌ಬುಕ್ಕಿನಲ್ಲಿ ಮಳೆ ನಿಂತ ಮೇಲಿನ ಸಾಲುಗಳನ್ನು ನೋಡಿದೆ. ಹೆಚ್ಚಾದ ಎಣಿಕೆ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತ ಹೋಗಿತ್ತು. ರೇಡಾನ್ ಕ್ಷಯಿಸಿ ಹುಟ್ಟುವ ಸೀಸ-214 ಮತ್ತು ಬಿಸ್ಮತ್-214ಗಳ ಅರ್ಧಾಯುಷ್ಯ ಕ್ರಮವಾಗಿ ಸುಮಾರು 27 ಮತ್ತು 20 ನಿಮಿಷ. ಗಾಳಿಯಲ್ಲಿ ತೇಲುತ್ತಿದ್ದ ಅವನ್ನು ಮಳೆ ತೊಳೆದು ಅಂಗಳಕ್ಕೆ ಇಳಿಸಿತ್ತು. ಅವರು ಅಳೆದದ್ದು ಅದನ್ನೇ, ಬಹಳ ಚೆನ್ನಾಗಿಯೇ ಅಳೆದಿದ್ದರು.

ಹಾಗೆಂದು ಗುಡುಗು ಮೋಡಕ್ಕೂ ಮ್ಯೂಆನ್‌ಗಳಿಗೂ ಸಂಬಂಧವೇ ಇಲ್ಲವೆಂದು ನಾನು ಹೇಳಲಾರೆ. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಪ್ರಯೋಗ 2014ರ ಡಿಸೆಂಬರ್ 1ರ ಗುಡುಗು ಮೋಡದೊಳಗೆ ಸುಮಾರು 130 ಕೋಟಿ ವೋಲ್ಟ್ ವಿಭವವಿತ್ತೆಂದು ಮ್ಯೂಆನ್‌ಗಳ ಏರಿಳಿತದಿಂದಲೇ ಕಂಡುಕೊಂಡಿತು. ಆದರೆ ಆ ಏರಿಳಿತ ಶೇಕಡ 2ರಷ್ಟು ಮಾತ್ರ, ಅದನ್ನು ಹಿಡಿದದ್ದು 560 ಚದರ ಮೀಟರಿನ ಮ್ಯೂಆನ್ ದೂರದರ್ಶಕ. ಜಗಲಿಯ ಮೇಲಿನ ಒಂದು ಕೊಳವೆ ಅದನ್ನು ಕಾಣಲಾರದು.

ಹಾಗಾದರೆ ಮಾಡಬೇಕಾದದ್ದು ಏನು? ಎರಡನೆಯ ಕೌಂಟರನ್ನು ಮೊದಲನೆಯದರ ಕೆಳಗಿಟ್ಟು, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸಬೇಕು. ಪ್ರಯೋಗಶಾಲೆಗಳಲ್ಲಿ ಕೊಯಿನ್ಸಿಡೆನ್ಸ್ ಎನ್ನುವುದು ಇದನ್ನೇ. ಮ್ಯೂಆನ್ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಎರಡನ್ನೂ ತೂರಿಕೊಂಡು ಹೋಗುತ್ತದೆ. ನೆಲದ ಬೀಟಾ ಕಣ ಒಂದರಲ್ಲೇ ನಿಂತುಬಿಡುತ್ತದೆ, ಗಾಮಾ ಕಿರಣ ಎರಡರಲ್ಲೂ ಗುರುತು ಬಿಡುವುದು ಅಪರೂಪ. ಆ ಅಪರೂಪವನ್ನೂ ಕಳೆಯಬೇಕಾದರೆ ನಡುವೆ ಸೀಸದ ಹಲಗೆ ಇಡುವುದು ಒಳ್ಳೆಯದು. ಪ್ರತಿ ಕೌಂಟರ್ ನಿಮಿಷಕ್ಕೆ 60 ಸಲ ಮಿಡಿಯುತ್ತದೆ, ಸೆಕೆಂಡಿನ ಲಕ್ಷದಲ್ಲೊಂದು ಭಾಗದೊಳಗೆ ಎರಡೂ ಮಿಡಿದರೆ 'ಒಟ್ಟಿಗೆ' ಎನ್ನುತ್ತೇವೆ ಎಂದಿಟ್ಟುಕೊಳ್ಳಿ. ಆಗ ಬರೀ ಆಕಸ್ಮಿಕವಾಗಿ ಒಟ್ಟಾಗುವ ಮಿಡಿತಗಳು ದಿನಕ್ಕೆ ಎರಡಕ್ಕಿಂತ ಕಡಿಮೆ. ನಿಜವಾದ ಮ್ಯೂಆನ್‌ಗಳೋ, ಕೊಳವೆಗಳ ಗಾತ್ರ ಮತ್ತು ಅಂತರಕ್ಕೆ ತಕ್ಕಂತೆ, ನಿಮಿಷಕ್ಕೆ ಒಂದೆರಡು ಸಿಗಬಹುದು. ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಒಮ್ಮೆ ಮಾಡಿ ನೋಡಬೇಕು. ಸೆಕೆಂಡಿಗೆ ಬರುವ ಎರಡು ಎಣಿಕೆಗಳ ಗುಣಲಬ್ಧವನ್ನು ಆ 'ಒಟ್ಟಿಗೆ' ಎನ್ನುವ ಕಾಲಾವಧಿಯ ಎರಡರಷ್ಟರಿಂದ ಗುಣಿಸಿದರೆ ಆಯಿತು, ಅದಕ್ಕಿಂತ ಹೆಚ್ಚಿನ ಗಣಿತ ಬೇಕಿಲ್ಲ.

1929ರಲ್ಲಿ ಬರ್ಲಿನ್ನಿನಲ್ಲಿ ವಾಲ್ಟರ್ ಬೋಥೆ ಮತ್ತು ವರ್ನರ್ ಕೋಲ್ಹೋರ್ಸ್ಟರ್ ಎರಡು ಕೌಂಟರುಗಳ ನಡುವೆ 4.1 ಸೆಂಟಿಮೀಟರ್ ದಪ್ಪದ ಚಿನ್ನದ ಗಟ್ಟಿಯನ್ನಿಟ್ಟು, ಸುಮಾರು ಮುಕ್ಕಾಲು ಪಾಲು ಕಣಗಳು ಅದನ್ನೂ ದಾಟುತ್ತವೆಂದು ತೋರಿಸಿದರು. ವಿಶ್ವಕಿರಣ ಎಂದರೆ ಗಾಮಾ ಕಿರಣವೇ ಎಂಬ ಅಂದಿನ ನಂಬಿಕೆ ಅಲುಗಾಡಿದ್ದು ಆ ಜೋಡಿ ಮಿಡಿತಗಳಿಂದ.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಇದೇ ಶಿಸ್ತು ನಡೆಯಿತು. ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ 1951ರಲ್ಲಿ ಅಲ್ಲಿ ಮ್ಯೂಆನ್ ಅಳತೆಗೆ ಇಳಿದರು. ಆಳ ಹೆಚ್ಚಿದಂತೆ ಎಣಿಕೆ ಕುಗ್ಗುತ್ತ ಹೋಗಿ, ಅತ್ಯಂತ ಆಳದ ತಾಣದಲ್ಲಿ ಸುಮಾರು ಎರಡು ತಿಂಗಳ ಕಾಲ ಒಂದು ಮ್ಯೂಆನೂ ಬರಲಿಲ್ಲ. ಅಂಥ ನಿಶ್ಶಬ್ದ ಸಿಕ್ಕಿದ ಮೇಲೂ 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ ಒಂದೇ ಕೌಂಟರನ್ನು ನೆಚ್ಚಲಿಲ್ಲ. ಕಣ ಹಾದಾಗ ಮಿನುಗುವ ಸಿಂಟಿಲೇಟರಿನಿಂದ ಮಾಡಿ ಎದುರುಬದುರಾಗಿ ನಿಲ್ಲಿಸಿದ ಎರಡು ಗೋಡೆಗಳಲ್ಲಿ ಒಂದೊಂದು ಭಾಗವನ್ನೂ, ಆ ಮಿನುಗನ್ನು ಹಿಡಿಯುವ ಎರಡೆರಡು ಫೋಟೋಮಲ್ಟಿಪ್ಲೈಯರುಗಳು ಕಾಯುತ್ತಿದ್ದವು. ನಾಲ್ಕೂ ಒಟ್ಟಿಗೆ ಮಿಡಿದರೆ ಮಾತ್ರ ದಾಖಲೆ. ಅಷ್ಟು ಬಂಡೆಯನ್ನು ಅಡ್ಡಡ್ಡವಾಗಿ ದಾಟಿ ಮ್ಯೂಆನ್ ಬರಲಾರದಾದ್ದರಿಂದ, ಅಡ್ಡ ಹಾದ ಕಣ ಪಕ್ಕದ ಬಂಡೆಯಲ್ಲೇ, ಎಷ್ಟು ಬಂಡೆಯನ್ನಾದರೂ ತೂರಬಲ್ಲ ನ್ಯೂಟ್ರಿನೊ ಎಂಬ ಕಣದಿಂದ ಹುಟ್ಟಿರಬೇಕು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಮೊದಲ ಗುರುತುಗಳು ಸಿಕ್ಕಿದ್ದು ಹೀಗೆ.

ಎರಡನೆಯ ಕೌಂಟರ್ ತಂದವರಿಗೆ ನಾನು ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಮೊದಲು ಒಂದರ ಕೆಳಗೊಂದು ಇಟ್ಟು ರಾತ್ರಿಯಿಡೀ ಎಣಿಸಿ. ಮರುರಾತ್ರಿ ಅವನ್ನೇ ಒಂದೇ ಮಟ್ಟದಲ್ಲಿ ಒಂದು ಮೀಟರ್ ದೂರ ಸರಿಸಿಟ್ಟು ಎಣಿಸಿ. ಜೋಡಿ ಎಣಿಕೆ ಕುಸಿದು ಬೆರಳೆಣಿಕೆಗೆ ಇಳಿಯಬೇಕು. ಇಳಿಯದಿದ್ದರೆ ತಂತಿಯಿಂದ ತಂತಿಗೆ ವಿದ್ಯುತ್ ಪಲ್ಸ್ ಹಾರುತ್ತಿದೆ ಎಂದು ಶಂಕಿಸಿ, ಮೊದಲು ವೈರಿಂಗ್ ನೋಡಿ.

ಮಲೆನಾಡಿನ ಆ ಮೂವರು ಪಕ್ಕದ ಕಾಲೇಜಿನಿಂದ ಎರಡನೆಯ ಕೊಳವೆಯನ್ನು ಎರವಲು ತಂದು ಈ ಎರಡೂ ರಾತ್ರಿಗಳ ಎಣಿಕೆಯನ್ನು ಮಾಡಿ ನನಗೆ ನೋಟ್‌ಬುಕ್ ತೋರಿಸಿದರು. ಸರಿಸಿಟ್ಟ ರಾತ್ರಿಯ ಕಾಲಂ ಬಹುಪಾಲು ಸೊನ್ನೆಗಳಿಂದ ತುಂಬಿತ್ತು. ಹಿಂದಿನ ಮಳೆಯ ಪುಟವನ್ನು ಅವರು ಹರಿದು ಹಾಕಿರಲಿಲ್ಲ. 'ವಿಶ್ವಕಿರಣ' ಎಂಬ ಶೀರ್ಷಿಕೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖಿನೊಂದಿಗೆ 'ಮಳೆಯ ರೇಡಾನ್' ಎಂದು ಬರೆದಿದ್ದರು.