ಆಂಟಿನ್ಯೂಟ್ರಿನೊ ಅಂದರೆ ಮದ್ದಲ್ಲ

ಕಾರವಾರದ ಒಂದು ವಿಜ್ಞಾನ ಪ್ರದರ್ಶನ. ಥರ್ಮೋಕೋಲ್‌ನ ಅಣು ಸ್ಥಾವರ, ಪಕ್ಕದಲ್ಲಿ ಸ್ಕೆಚ್ ಪೆನ್ನಿನ ಬರಹ: 'ವಿಕಿರಣ ತಡೆಯುವ ಆಂಟಿನ್ಯೂಟ್ರಾನ್'. ಮಕ್ಕಳು, ಇರಲಿ ಅಂತ ಸುಮ್ನಾದೆ. ಮೊನ್ನೆ ಮಲ್ಲಾಪುರದ ಬಸ್ಸಿನಲ್ಲೂ ಅದೇ ಮಾತು: "ಕೈಗಾದಲ್ಲಿ ಆಂಟಿನ್ಯೂಟ್ರಿನೊ ಹಾಕಿರ್ತಾರೆ ಮಾರಾಯಾ, ಏನೂ ಆಗಲ್ಲ."

ಯಾರೂ ಹಾಕುವುದಿಲ್ಲ. ಅದೊಂದು ವಿದ್ಯುದಂಶವಿಲ್ಲದ ಅತಿ ಹಗುರ ಕಣ, ರಿಯಾಕ್ಟರಿನಲ್ಲಿ ತಾನೇ ಹುಟ್ಟುತ್ತದೆ. ಯುರೇನಿಯಂ ಒಡೆದಾಗ ಬರುವ ಚೂರುಗಳು ಬೀಟಾ ಕ್ಷಯವಾಗುತ್ತಾ, ಅಂದರೆ ಎಲೆಕ್ಟ್ರಾನ್ ಉಗುಳುತ್ತಾ, ಒಂದು ಒಡೆತಕ್ಕೆ ಸುಮಾರು ಆರರಂತೆ ಆಂಟಿನ್ಯೂಟ್ರಿನೊ ಬಿಡುತ್ತವೆ. ಯಾವ ಗೋಡೆಯೂ ಅವನ್ನು ತಡೆಯುವುದಿಲ್ಲ. ನಮ್ಮ ಮೈಯನ್ನೂ ಸುಮ್ನೆ ದಾಟಿ ಹೋಗುತ್ತವೆ.

ಎಡವಟ್ಟು ಇರುವುದು 'ಆಂಟಿ'ಯಲ್ಲಿ. ಆಂಟಿಬಯೋಟಿಕ್, ಆಂಟಿವೈರಸ್ ಕೇಳಿ ಕೇಳಿ, ಆಂಟಿ ಅಂದರೆ ಕೊಲ್ಲುವುದು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ 'ಪ್ರತಿ'ಯನ್ನೇ ನೋಡಿ. ಪ್ರತಿವಿಷದಲ್ಲೂ ಇದೆ, ಪ್ರತಿಬಿಂಬದಲ್ಲೂ ಇದೆ. ಮೊದಲನೆಯದು ವಿಷವನ್ನು ಇಳಿಸುತ್ತದೆ. ಎರಡನೆಯದು ಕನ್ನಡಿಯಲ್ಲಿ ಎಡ ಬಲ ಬದಲಾದ ಜೋಡಿ, ಯಾರ ಮೇಲೂ ಹಗೆಯಿಲ್ಲ. ಆಂಟಿನ್ಯೂಟ್ರಿನೊದಲ್ಲಿರುವುದು ಪ್ರತಿಬಿಂಬದ 'ಪ್ರತಿ'. ಇಷ್ಟು ತಿಳಿದರೆ ಅರ್ಧ ಜಗಳ ಮುಗಿಯಿತು.

ಉಳಿದರ್ಧ 'ನ್ಯೂಟ್ರಿನೊ'. 1930ರಲ್ಲಿ ಭೌತವಿಜ್ಞಾನಿ ಪೌಲಿ ಈ ಕಣವನ್ನು ಊಹಿಸಿದಾಗ ಇಟ್ಟ ಹೆಸರೇ ನ್ಯೂಟ್ರಾನ್! 1932ರಲ್ಲಿ ಚಾಡ್ವಿಕ್ ಕಂಡುಹಿಡಿದ ಭಾರದ ಕಣ ಆ ಹೆಸರನ್ನು ಕಿತ್ತುಕೊಂಡಿತು. ಆಮೇಲೆ ಇಟಲಿಯವರು '-ಇನೊ' ಅಂತ ಸೇರಿಸಿದರು. ಅವರಲ್ಲಿ ಅದು ಚಿಕ್ಕದು ಅನ್ನುವ ಪ್ರತ್ಯಯ, ನಮ್ಮ 'ಮರಿ' ಇದ್ದಂತೆ. ಹಾಗಂತ ಇದು ನ್ಯೂಟ್ರಾನಿನ ಮರಿಯಲ್ಲ. ಆಂಟಿನ್ಯೂಟ್ರಾನ್ ಅನ್ನುವುದು ಮತ್ತೂ ಬೇರೆ ಕಣ, ರಿಯಾಕ್ಟರಿನಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಹಿಡಿಯುವುದು ಹೇಗೆ? ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನ ಹತ್ತಿರ ಇಸ್ಮ್ರಾನ್ ಎಂಬ ಪ್ರಯೋಗಕ್ಕೆ ಬಳಸುವುದು ಪ್ಲಾಸ್ಟಿಕ್ ಸಿಂಟಿಲೇಟರ್, ಅಂದರೆ ಕಣ ಬಡಿದಾಗ ಮಿಂಚುವ ಪಟ್ಟಿಗಳನ್ನು. ಒಂದೊಂದೂ ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ದಪ್ಪ, ಸುತ್ತ ನ್ಯೂಟ್ರಾನ್ ಹಿಡಿಯುವ ಗ್ಯಾಡೊಲಿನಿಯಂ ಎಂಬ ಲೋಹ ಬಳಿದ ಹಾಳೆ. ಸಿಂಟಿಲ್ಲಾ ಅಂದರೆ ಲ್ಯಾಟಿನ್‌ನಲ್ಲಿ ಕಿಡಿ. ಇಲ್ಲಿ ಕಿಡಿ ಎರಡು. ಅಪರೂಪಕ್ಕೊಂದು ಆಂಟಿನ್ಯೂಟ್ರಿನೊ ಪ್ಲಾಸ್ಟಿಕ್ಕಿನ ಹೈಡ್ರೋಜನ್‌ನಲ್ಲಿರುವ ಪ್ರೋಟಾನಿಗೆ ಬಡಿದರೆ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಬಿಂಬ) ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ತಕ್ಷಣ ಮಿಂಚುತ್ತದೆ. ನ್ಯೂಟ್ರಾನ್ ಅಲೆದಾಡಿ ಸುಸ್ತಾಗಿ, ಮೈಕ್ರೋಸೆಕೆಂಡುಗಳ ನಂತರ ಗ್ಯಾಡೊಲಿನಿಯಂಗೆ ಸಿಕ್ಕಿಬಿದ್ದು ಎರಡನೇ ಮಿಂಚು ಕೊಡುತ್ತದೆ. ಒಂದೇ ಮಿಂಚಾದರೆ ಲೆಕ್ಕಕ್ಕಿಲ್ಲ. ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣವೂ ಮಿಂಚಿಸುತ್ತದೆ ಅಲ್ವಾ?

ಬಾಗಿಲು ತೆರೆಯದೆಯೇ ರಿಯಾಕ್ಟರ್ ಎಷ್ಟು ಜೋರಾಗಿ ಓಡುತ್ತಿದೆ, ಒಳಗೆ ಪ್ಲುಟೋನಿಯಂ ಜಾಸ್ತಿಯಾಗುತ್ತಿದೆಯೇ ಅಂತ ಈ ಜೋಡಿ ಮಿಂಚುಗಳ ಲೆಕ್ಕದಿಂದ ತಿಳಿಯಬಹುದು.

ಇನ್ನು, "ಹಾಗಾದರೆ ಕೈಗಾದಿಂದ ನಮ್ಮ ಕಡೆಗೂ ಬರುತ್ತಾ?" ಅಂತ ಬಸ್ಸಿನವರು ಕೇಳಿದರು. ಬರುತ್ತದೆ. ಅವರ ಮಡಿಲಲ್ಲಿದ್ದ ಬಾಳೆಹಣ್ಣಿನಿಂದಲೂ ಬರುತ್ತಿತ್ತು, ಅದರಲ್ಲಿ ಪೊಟ್ಯಾಸಿಯಂ-40 ಇರುತ್ತದೆ. ಹೇಳಿದ ಮೇಲೆ ಹಣ್ಣನ್ನು ನನ್ನ ಕೈಗೇ ಕೊಟ್ಟುಬಿಟ್ಟರು.