ಸಿಲಬಸ್‌ನಲ್ಲಿ ಏನಿರಬೇಕು? ಒಂದು ಹಳಗನ್ನಡ ಪತ್ರಿಕೆ ಇಟ್ಟುಕೊಂಡು ನೋಡೋಣ

ಎಂ.ಎಡ್., ಕೆ-ಸೆಟ್ ಓದುವವರು ಪಠ್ಯಕ್ರಮ ರಚನೆಯ ಅಧ್ಯಾಯ ಬಂದರೆ ಟೈಲರ್, ಟಾಬಾ, ಬ್ಲೂಮ್ ಅಂತ ಶಿಕ್ಷಣ ತಜ್ಞರ ಹೆಸರು, ಇಸವಿ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಒಂದು ಪತ್ರಿಕೆಯನ್ನು (ಅಂದರೆ ಸೆಮಿಸ್ಟರ್‌ನ ಒಂದು ಪೇಪರನ್ನು) ಎದುರಿಗಿಟ್ಟುಕೊಂಡರೆ ಇವೆಲ್ಲ ಸಲೀಸಾಗಿ ಅರ್ಥವಾಗುತ್ತವೆ. ಬಿ.ಎ. ಐಚ್ಛಿಕ ಕನ್ನಡದಲ್ಲಿ ಹಳಗನ್ನಡ ಕಾವ್ಯಕ್ಕೆ ಒಂದು ಪತ್ರಿಕೆ ರೂಪಿಸಬೇಕು ಅಂದುಕೊಳ್ಳಿ.

ಮೊದಲು ಗಂಟೆ ಲೆಕ್ಕ. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ. 15 ವಾರದ ಸೆಮಿಸ್ಟರ್‌ನಲ್ಲಿ 4 ಕ್ರೆಡಿಟ್‌ನ ಪತ್ರಿಕೆಗೆ 60 ಗಂಟೆ ಸಿಗುತ್ತದೆ. ಕಿರುಪರೀಕ್ಷೆ, ಸೆಮಿನಾರು, ಕಾಲೇಜಿನ ಕಾರ್ಯಕ್ರಮ ಎಲ್ಲ ಕಳೆದು 50 ಗಂಟೆ ಉಳಿದರೆ ಪುಣ್ಯ.

ಸಮಿತಿಯಲ್ಲಿ ಕೂತವರಿಗೆ ಎಲ್ಲ ಕವಿಗಳೂ ಬೇಕು. ಪಂಪ, ರನ್ನ, ನಾಗಚಂದ್ರ, ಜನ್ನ, ಜೊತೆಗೆ ಕವಿರಾಜಮಾರ್ಗ, ವಡ್ಡಾರಾಧನೆ. ಯಾರನ್ನು ಬಿಟ್ಟರೂ ಮನಸ್ಸಿಗೆ ಕಷ್ಟವೇ. ಆದರೆ ಆರಕ್ಕೂ ಸಮನಾಗಿ ಹಂಚಿದರೆ ತಲಾ 8 ಗಂಟೆ. ಕವಿಯ ಕಾಲ, ಕೃತಿಯ ಪರಿಚಯಕ್ಕೇ ಎರಡು ಗಂಟೆ ಹೋಗುತ್ತದೆ. ಹಳಗನ್ನಡಕ್ಕೆ ಹೊಸಬರಾದವರಿಗೆ ಪದ ಬಿಡಿಸಿ, ಅನ್ವಯಿಸಿ ಹೇಳುವಾಗ ಗಂಟೆಗೆ 10 ಪದ್ಯ ಆದರೆ ಜಾಸ್ತಿ. 14 ಆಶ್ವಾಸಗಳ (ಅಧ್ಯಾಯಗಳ), ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ವಿದ್ಯಾರ್ಥಿಗೆ ಸಿಗುವುದು ಬರೀ 60 ಪದ್ಯ. ಪೋರ್ಷನ್ ಮುಗಿಯುತ್ತದೆ, ಗೈಡ್ ಕೈಗೆ ಬರುತ್ತದೆ, ಯಾವ ಕಾವ್ಯವೂ ಓದಿದ ಹಾಗಾಗುವುದಿಲ್ಲ.

ಇನ್ನೊಂದು ದಾರಿಯಿದೆ. ಜನ್ನನ ಯಶೋಧರ ಚರಿತೆ (1209) ಚಿಕ್ಕ ಕೃತಿ. ನಾಲ್ಕು ಅವತಾರ (ಇದರಲ್ಲಿ ಅಧ್ಯಾಯಕ್ಕೆ ಇರುವ ಹೆಸರು), ಸುಮಾರು 310 ಪದ್ಯ. ಗಂಟೆಗೆ 10ರಂತೆ 31 ಗಂಟೆಯಲ್ಲಿ ಇಡೀ ಕಾವ್ಯ ಓದಿಸಬಹುದು. ಉಳಿದ 19 ಗಂಟೆಯಲ್ಲಿ ಪಂಪನ ಕರ್ಣನ ಭಾಗ ಮತ್ತು ವಡ್ಡಾರಾಧನೆಯ ಒಂದು ಕಥೆ ಹಿಡಿಸುತ್ತದೆ. ಯಶೋಧರ ಚರಿತೆಯ ಪದ್ಯಗಳಲ್ಲಿ ಹೆಚ್ಚಿನವು ಕಂದ ಅನ್ನುವ ಛಂದಸ್ಸಿನವು. ನಾಲ್ಕು ಮಾತ್ರೆಯ ಗಣ, ಒಂದು ಮತ್ತು ಮೂರನೆಯ ಸಾಲಿಗೆ ಮೂರು ಗಣ, ಎರಡು ಮತ್ತು ನಾಲ್ಕಕ್ಕೆ ಐದು. ಮತ್ತೆ ಮತ್ತೆ ಅದೇ ನಡೆ ಕೇಳಿ ಕಿವಿ ತಾನಾಗಿ ಪಳಗುತ್ತದೆ. ನನ್ನ ಮತ ಇದಕ್ಕೇ. ರನ್ನ, ನಾಗಚಂದ್ರರು ಸಾಹಿತ್ಯ ಚರಿತ್ರೆಯ ಪತ್ರಿಕೆಯಲ್ಲಿ ಹೇಗೂ ಬರುತ್ತಾರೆ. ಆದರೆ ಒಂದು ಹಳಗನ್ನಡ ಕಾವ್ಯವನ್ನು ಮೊದಲಿಂದ ಕೊನೆವರೆಗೆ ಓದುವ ಅವಕಾಶ ಪದವಿಯಲ್ಲಿ ಬಿಟ್ಟರೆ ಬಹಳ ಜನರಿಗೆ ಮತ್ತೆ ಸಿಗುವುದಿಲ್ಲ.

ಈಗ ಟೈಲರ್ ಅವರ ಹತ್ತಿರ ಬನ್ನಿ. 1949ರಲ್ಲಿ ಅವರು ಕೇಳಿದ ಪ್ರಶ್ನೆಗಳು ನಾಲ್ಕು: ಉದ್ದೇಶ ಏನು, ಅದಕ್ಕೆ ಯಾವ ಕಲಿಕೆಯ ಅನುಭವ ಬೇಕು, ಅವನ್ನು ಹೇಗೆ ಜೋಡಿಸಬೇಕು, ಉದ್ದೇಶ ಈಡೇರಿತು ಅಂತ ಹೇಗೆ ತಿಳಿಯಬೇಕು. ಗಮನಿಸಿ, ಕವಿಗಳ ಪಟ್ಟಿ ಮೊದಲು ಬರುವುದಿಲ್ಲ, ಉದ್ದೇಶ ಮೊದಲು. ‘ಆರು ಕವಿಗಳ ಪರಿಚಯ’ ಉದ್ದೇಶವಾದರೆ ಮೊದಲ ದಾರಿ ಸರಿ. ‘ನೋಡಿರದ ಹಳಗನ್ನಡ ಪದ್ಯವನ್ನು ನಿಘಂಟಿನ ಸಹಾಯದಿಂದ ಬಿಡಿಸಿ ಓದಬಲ್ಲ’ ಅನ್ನುವುದಾದರೆ ಎರಡನೆಯದೇ ಬೇಕು.

ಕಲಿಕೆಯ ಉದ್ದೇಶಗಳನ್ನು ಮೆಟ್ಟಿಲುಗಳಾಗಿ ವಿಂಗಡಿಸುವ ಬ್ಲೂಮ್ ಅವರ 1956ರ ವರ್ಗೀಕರಣ (2001ರಲ್ಲಿ ಪರಿಷ್ಕೃತ) ಕೆಲಸಕ್ಕೆ ಬರುವುದು ಇಲ್ಲಿ. ‘ಯಶೋಧರ ಚರಿತೆಯ ಕಥೆ ಬರೆಯಿರಿ’ ಅಂದರೆ ನೆನಪಿನ ಪರೀಕ್ಷೆ. ಹೊಸ ಕಂದ ಕೊಟ್ಟು ಗಣ ವಿಭಾಗ ಮಾಡಿಸಿದರೆ ಅನ್ವಯ. ಯಶೋಧರ ಬಲಿ ಕೊಟ್ಟಿದ್ದು ಹಿಟ್ಟಿನ ಕೋಳಿ, ಜೀವವಿರುವ ಕೋಳಿಯಲ್ಲ. ಆದರೂ ಅವನು, ಅವನ ತಾಯಿ ಜನ್ಮ ಜನ್ಮ ಅನುಭವಿಸುತ್ತಾರೆ. ಇದು ನ್ಯಾಯವೇ ಅಂತ ಕೇಳಿದರೆ ಮೌಲ್ಯಮಾಪನ. ಮೂರನೆಯ ಪ್ರಶ್ನೆಗೆ ಗೈಡ್ ಓದಿ ಉತ್ತರ ಬರೆಯುವುದು ಕಷ್ಟ, ಅಲ್ವಾ?

ನಿರ್ಧಾರ ಯಾರದು? ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಂಡಳಿ ಸಿದ್ಧಪಡಿಸುತ್ತದೆ, ವಿದ್ಯಾವಿಷಯಕ ಪರಿಷತ್ತು ಒಪ್ಪುತ್ತದೆ. ಸ್ವಾಯತ್ತ ಕಾಲೇಜಿಗೆ ತನ್ನದೇ ಮಂಡಳಿ ಇರುತ್ತದೆ. ಅದರಲ್ಲಿ ಹೊರಗಿನ ತಜ್ಞರ ಜೊತೆಗೆ ಹಳೆಯ ವಿದ್ಯಾರ್ಥಿಯೊಬ್ಬರೂ ಇರಬೇಕು. ಟಾಬಾ (1962) ನೆನಪಾಗಬೇಕಾದ್ದು ಈ ಜಾಗದಲ್ಲಿ: ರಚನೆ ಪಾಠ ಮಾಡುವವರಿಂದ ಶುರುವಾಗಲಿ, ಮೊದಲ ಹೆಜ್ಜೆ ವಿದ್ಯಾರ್ಥಿಗಳ ಅಗತ್ಯ ತಿಳಿಯುವುದು ಅಂದವರು ಅವರು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ತರಗತಿಯಲ್ಲಿ ನಿಂತವರಿಗೇ ಗೊತ್ತು. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ಅದರ ಜೊತೆ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪಠ್ಯ ಬೇಗ ಬೇಗ ಬದಲಾದಾಗ ಪಾಠ ಮಾಡುವವರನ್ನು ಕೂರಿಸಿ ಕೇಳಲು ಪುರುಸೊತ್ತೇ ಇರುವುದಿಲ್ಲ. ಇದು ನಿಜಕ್ಕೂ ನಷ್ಟ.

ಶಿಕ್ಷಣ ತಜ್ಞ ಐಸ್ನರ್ ಹೇಳಿದ ‘ಶೂನ್ಯ ಪಠ್ಯಕ್ರಮ’ವನ್ನೂ (ಪಠ್ಯದಿಂದ ಹೊರಗೆ ಬಿಟ್ಟದ್ದನ್ನೂ) ಬಿಡಬೇಡಿ. ಬಿಟ್ಟದ್ದೂ ಪಾಠ ಕಲಿಸುತ್ತದೆ. ಪದವಿಯ ಮೂರು ವರ್ಷದಲ್ಲಿ ಜನಪದ ಗಾಯಕರಾದ ನೀಲಗಾರರು ಹಾಡುವ, ಬಾಯಿಂದ ಬಾಯಿಗೆ ಬಂದ ಮಂಟೇಸ್ವಾಮಿ ಕಾವ್ಯ ಎಲ್ಲೂ ಬರದಿದ್ದರೆ, ಬರೆದಿಟ್ಟದ್ದು ಮಾತ್ರ ಕಾವ್ಯ ಅಂತ ವಿದ್ಯಾರ್ಥಿ ತಿಳಿಯುತ್ತಾನೆ. ಹಾಗಾಗಿ ಈ ಪತ್ರಿಕೆಯಿಂದ ತೆಗೆದದ್ದು ಇನ್ಯಾವ ಪತ್ರಿಕೆಯಲ್ಲಿದೆ ಅಂತ ಬರೆದಿಟ್ಟುಕೊಳ್ಳಬೇಕು.

ಕೊನೆಗೆ ಅಂಕ. 50 ಗಂಟೆಯಲ್ಲಿ 31 ಗಂಟೆ ಜನ್ನನಿಗೆ ಹೋದರೆ, 80 ಅಂಕದಲ್ಲಿ 50ರಷ್ಟು ಅವನ ಮೇಲೇ ಇರಬೇಕು. ‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಅನ್ನುವ ಆಯ್ಕೆಯನ್ನು ಪ್ರತಿ ಘಟಕದ ಒಳಗೇ ಕೊಡಿ. ಘಟಕಗಳ ನಡುವೆ ಕೊಟ್ಟರೆ ವಿದ್ಯಾರ್ಥಿಗಳು ಒಂದಿಡೀ ಘಟಕವನ್ನೇ ಕೈಬಿಡುತ್ತಾರೆ.