99 ಪರ್ಸೆಂಟ್ ಅಂದ್ರೆ ಯಾವುದರ 99?

ಆಕೆ ಇನ್ನೂ ಕೂತಿರಲಿಲ್ಲ, ಎನ್‌ಐಪಿಟಿ ವರದಿ ಮೇಜಿನ ಮೇಲಿಟ್ಟರು. ತಾಯಿಯ ರಕ್ತದಿಂದಲೇ ಮಗುವಿನ ಕ್ರೋಮೋಸೋಮ್ ದೋಷದ ಸುಳಿವು ಹುಡುಕುವ ಪರೀಕ್ಷೆ ಅದು. “ಮೇಡಂ, 99 ಪರ್ಸೆಂಟ್ ಅಂತ ಬರೆದಿದೆ. ಮಗು ಉಳಿಸ್ಕೋಬಾರದು ಅಂತ ಅಲ್ವಾ?”

ವಯಸ್ಸು 26. ಚೊಚ್ಚಲ ಬಸಿರು, 13ನೇ ವಾರ. ಜೊತೆಗೆ ಗಂಡ, ಅತ್ತೆ. ರಾತ್ರಿ ಮೂವರೂ ಮಲಗಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ವರದಿಯ ಮೊದಲ ಪುಟದಲ್ಲಿ ಕೆಂಪು ಅಕ್ಷರದಲ್ಲಿ ‘ಟ್ರೈಸೋಮಿ 21: ಹೈ ರಿಸ್ಕ್’ ಎಂದಿತ್ತು. ಅಂದರೆ ಮಗುವಿಗೆ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಹೆಚ್ಚು ಎಂದು. ಇದು ಸ್ಕ್ರೀನಿಂಗ್ ಮಾತ್ರ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂಬ ಮಾತು ಎರಡನೇ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

“ಕೂತ್ಕೋಮ್ಮ ಮೊದಲು” ಎಂದು ಚೀಟಿ ತಿರುಗಿಸಿ, ಹಿಂದೆ ಲೆಕ್ಕ ಬರೆದು ತೋರಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಆಕೆಯ ವಯಸ್ಸಿನ ಒಂದು ಲಕ್ಷ ಗರ್ಭಿಣಿಯರನ್ನು ತಗೊಳ್ಳಿ. ಸುಮಾರು ಸಾವಿರಕ್ಕೆ ಒಂದರಂತೆ 100 ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುತ್ತದೆ ಅನ್ನೋಣ. ಎನ್‌ಐಪಿಟಿ ರಕ್ತಪರೀಕ್ಷೆ ಅದರಲ್ಲಿ 99ನ್ನು ಹಿಡಿಯುತ್ತದೆ. ವರದಿಯಲ್ಲಿರುವ 99 ಇದೇ. ಉಳಿದ 99,900 ಮಕ್ಕಳಿಗೆ ತೊಂದರೆ ಇಲ್ಲ. ಅವರಲ್ಲಿ ಪರೀಕ್ಷೆ ಸಾವಿರಕ್ಕೆ ಒಂದೇ ಒಂದು ಸಲ ತಪ್ಪಿದರೂ ಸುಮಾರು 100 ತಾಯಂದಿರಿಗೆ ಸುಮ್ಮನೆ ‘ಹೈ ರಿಸ್ಕ್’ ಬರುತ್ತದೆ. ಈಗ ‘ಹೈ ರಿಸ್ಕ್’ ಬಂದವರು ಒಟ್ಟು 199. ನಿಜವಾಗಿ ಇರುವುದು 99 ಮಂದಿಯ ಮಕ್ಕಳಿಗೆ. ಅರ್ಧಕ್ಕರ್ಧ!

ಅದೇ ಲೆಕ್ಕ 40ರ ತಾಯಂದಿರಿಗೆ ಹಾಕಿ. ಅಲ್ಲಿ ಸುಮಾರು ನೂರಕ್ಕೆ ಒಂದು. 990 ನಿಜ, 99 ಸುಳ್ಳು. ಪರೀಕ್ಷೆ ಅದೇ, ಯಂತ್ರ ಅದೇ. ಆದರೂ ‘ಹೈ ರಿಸ್ಕ್’ ಎಂಬ ಮಾತಿನ ತೂಕ ವಯಸ್ಸಿನ ಜೊತೆ ಬದಲಾಗುತ್ತದೆ.

ಹಾಗಂತ ಪರೀಕ್ಷೆ ಕೆಟ್ಟದ್ದಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 15,841 ಗರ್ಭಿಣಿಯರಿಗೆ ಎನ್‌ಐಪಿಟಿ, ಹಳೆಯ ವಿಧಾನ ಎರಡೂ ಬಗೆಯ ಸ್ಕ್ರೀನಿಂಗ್ ಮಾಡಿದ್ದರು. ಡೌನ್ ಸಿಂಡ್ರೋಮ್ ಇದ್ದ 38 ಮಕ್ಕಳನ್ನೂ ಎನ್‌ಐಪಿಟಿ ಹಿಡಿಯಿತು, ಸುಳ್ಳು ಗಾಬರಿ ಬರೀ 9. ಎನ್‌ಟಿ ಸ್ಕ್ಯಾನ್ (ಮಗುವಿನ ಕುತ್ತಿಗೆಯ ಹಿಂದಿನ ನೀರಿನ ದಪ್ಪ ಅಳೆಯುವುದು) ಮತ್ತು ರಕ್ತದ ಮಾರ್ಕರ್ ಸೇರಿಸಿ ಮಾಡುವ ಹಳೆಯ ವಿಧಾನ ಹಿಡಿದದ್ದು 30, ಸುಳ್ಳು ಗಾಬರಿ 854. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ನನ್ನ ಸಿಟ್ಟು ಪರೀಕ್ಷೆಯ ಮೇಲಲ್ಲ, ಅದನ್ನು ಕೊನೆಯ ತೀರ್ಪು ಎಂಬಂತೆ ಕೈಗಿಡುವ ರೀತಿಯ ಮೇಲೆ.

ಇಷ್ಟು ಒಳ್ಳೆಯ ಪರೀಕ್ಷೆ ತಪ್ಪುವುದಾದರೂ ಯಾಕೆ? ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತವೆ ಎಂದು 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಆ ಚೂರುಗಳು ಬರುವುದು ಹೆಚ್ಚಾಗಿ ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ. ಮಾಸು, ಮಗು ಎರಡೂ ಒಂದೇ ಮೊಳಕೆಯಿಂದ ಬಂದವು ನಿಜ. ಆದರೂ ಕೆಲವೊಮ್ಮೆ ಕ್ರೋಮೋಸೋಮ್ ದೋಷ ಮಾಸಿನಲ್ಲಷ್ಟೇ ಉಳಿದಿರುತ್ತದೆ, ಮಗು ಚೆನ್ನಾಗಿರುತ್ತದೆ. ಮೊದಲು ಅವಳಿ ಇದ್ದು ಒಂದು ಕರಗಿ ಹೋಗಿದ್ದರೂ ಲೆಕ್ಕ ತಪ್ಪಬಹುದು. ಅಪರೂಪಕ್ಕೆ ತಾಯಿಯ ದೇಹದಲ್ಲೇ ಇರುವ ಗಡ್ಡೆಯ ಡಿಎನ್‌ಎ ಕೂಡ ವರದಿಯನ್ನು ಕೆಡಿಸುತ್ತದೆ.

ಟ್ರೈಸೋಮಿ 18, 13, ಅಂದರೆ 18ನೇ ಅಥವಾ 13ನೇ ಕ್ರೋಮೋಸೋಮ್ ಮೂರಿರುವುದು, ಇನ್ನೂ ಅಪರೂಪ. ಅದರಲ್ಲೂ 13ಕ್ಕೆ ಬರುವ ‘ಹೈ ರಿಸ್ಕ್’ ಅನ್ನು ಜಾಸ್ತಿ ಅನುಮಾನದಿಂದಲೇ ನೋಡಬೇಕು. ಪ್ಯಾಕೇಜಿನಲ್ಲಿ ಸೇರಿಸಿ ಮಾರುವ ‘ಮೈಕ್ರೋಡಿಲೀಷನ್’ (ಕ್ರೋಮೋಸೋಮಿನ ಸಣ್ಣ ಚೂರು ಇಲ್ಲದಿರುವ ಕಾಯಿಲೆಗಳ) ಪಟ್ಟಿಯ ಬಗ್ಗೆ ನನಗೆ ಉತ್ಸಾಹವಿಲ್ಲ. ಅಷ್ಟು ಅಪರೂಪದ ಕಾಯಿಲೆಗಳಲ್ಲಿ ನಿಜಕ್ಕಿಂತ ಸುಳ್ಳು ಗಾಬರಿಯೇ ಹೆಚ್ಚಾಗಬಹುದು. ಇಂಥ ವರದಿಯನ್ನಷ್ಟೇ ನಂಬಿ ನಿರ್ಧಾರ ಮಾಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು.

‘ಲೋ ರಿಸ್ಕ್’ ಬಂದವರಿಗೂ ಒಂದು ಮಾತು. “ಇಷ್ಟು ದುಡ್ಡು ಕೊಟ್ಟು ರಕ್ತ ಕೊಟ್ಟಿದ್ದೀವಿ, ಎನ್‌ಟಿ ಸ್ಕ್ಯಾನ್ ಯಾಕೆ ಬೇಕು?” ಅಂತ ಕೇಳುತ್ತಾರೆ. ಬೇಕು. ಮಗುವಿನ ಕುತ್ತಿಗೆಯ ಹಿಂದಿನ ನೀರಿನ ದಪ್ಪ 3.5 ಮಿ.ಮೀ. ದಾಟಿದ್ದರೆ, ಎನ್‌ಐಪಿಟಿ ಲೋ ರಿಸ್ಕ್ ಎಂದರೂ ನಾನು ಆಮ್ನಿಯೋ ಬಗ್ಗೆ, ಅಂದರೆ ಮಗುವಿನ ಸುತ್ತಲಿನ ನೀರು ತೆಗೆದು ಕ್ರೋಮೋಸೋಮ್ ನೋಡುವ ಪರೀಕ್ಷೆಯ ಬಗ್ಗೆ, ಮಾತಾಡುತ್ತೇನೆ. ಈ ರಕ್ತಪರೀಕ್ಷೆ ನೋಡದ ದೋಷಗಳು ಎಷ್ಟೋ ಇವೆ. ಹೃದಯ, ಬೆನ್ನುಹುರಿ, ಕಿಡ್ನಿ ಹೇಗಿವೆ ಎಂದು ರಕ್ತ ಹೇಳುವುದಿಲ್ಲ. ಅದಕ್ಕೇ 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನ್ ಬಿಡಬೇಡಿ.

‘ರಿಸಲ್ಟ್ ಇಲ್ಲ’ ಅಂತಲೂ ಬರಬಹುದು. ಮಗುವಿನ ಕಡೆಯ ಡಿಎನ್‌ಎ ರಕ್ತದಲ್ಲಿ ಸುಮಾರು 4 ಪರ್ಸೆಂಟ್ ಆದರೂ ಇರಬೇಕು. ಹತ್ತು ವಾರಕ್ಕೆ ಮುಂಚೆ ಕೊಟ್ಟರೆ ಅಥವಾ ತಾಯಿಯ ತೂಕ ಜಾಸ್ತಿ ಇದ್ದರೆ ಅದು ಸಾಲದೇ ಹೋಗುತ್ತದೆ. ಹಾಗೆ ಬಂದರೆ ‘ಎಲ್ಲ ಸರಿ ಇದೆ’ ಅಂತ ತಿಳಿಯಬೇಡಿ, ಡಾಕ್ಟರ ಹತ್ತಿರ ಮತ್ತೆ ಹೋಗಿ.

“ಗಂಡೋ ಹೆಣ್ಣೋ ಇದರಲ್ಲೇ ಗೊತ್ತಾಗುತ್ತಂತೆ?” ಎಂದು ಮೆಲ್ಲಗೆ ಕೇಳುವವರೂ ಇದ್ದಾರೆ. ನಮ್ಮ ದೇಶದಲ್ಲಿ ಅದನ್ನು ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ನಾನು ಅಲ್ಲಿಗೇ ಮಾತು ನಿಲ್ಲಿಸುತ್ತೇನೆ.

26ರ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. 13ನೇ ವಾರಕ್ಕೇ ಮಾಸಿನ ಚೂರು ತೆಗೆದು ನೋಡಬಹುದಿತ್ತು. ಆದರೆ ಅನುಮಾನ ಇರುವುದೇ ಮಾಸಿನ ಮೇಲೆ, ಸ್ಕ್ಯಾನ್ ಬೇರೆ ಚೆನ್ನಾಗಿತ್ತು. ಮಗುವಿನ ಸುತ್ತಲಿನ ನೀರನ್ನೇ ನೋಡೋಣ ಎಂದೆ. ಅನುಭವದ ಕೈಯಲ್ಲಿ ಆಮ್ನಿಯೋದಿಂದ ಬಸಿರು ಹೋಗುವ ಅಪಾಯ 200ಕ್ಕೆ ಒಂದಕ್ಕಿಂತ ಕಡಿಮೆ, ಅದನ್ನೂ ಬಿಡಿಸಿ ಹೇಳಿದೆ. 16ನೇ ವಾರದವರೆಗಿನ ಆ ಕಾಯುವಿಕೆ ಅವರಿಗೆ ತುಂಬ ಕಷ್ಟವಾಯಿತು. ಅತ್ತೆ ಮೂರು ಸಲ ಫೋನ್ ಮಾಡಿದ್ದರು. ಆಮ್ನಿಯೋ ಆದ ಮೂರನೇ ದಿನ ಪ್ರಾಥಮಿಕ ಫಲಿತಾಂಶ ಬಂತು. 21ನೇ ಕ್ರೋಮೋಸೋಮ್ ಎರಡೇ ಇದ್ದವು.

ಅದೇ ತಿಂಗಳು ಇನ್ನೊಬ್ಬ ತಾಯಿಗೂ ಇಂಥದೇ ಕೆಂಪು ಅಕ್ಷರ ಬಂದಿತ್ತು. ಅವರಿಗೆ 38. ಆಮ್ನಿಯೋದಲ್ಲಿ ಡೌನ್ ಸಿಂಡ್ರೋಮ್ ಖಚಿತವಾಯಿತು. ಗಂಡ ಹೆಂಡತಿ ಒಂದು ವಾರ ಯೋಚಿಸಿ ಮಗು ಬೇಕು ಎಂದರು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಹೊಟ್ಟೆಯಲ್ಲಿರುವಾಗಲೇ ಎಕೋ ಮಾಡಿಸಿ, ಮಕ್ಕಳ ಹೃದಯದ ಡಾಕ್ಟರ್ ಇರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಹೆಸರು ಬರೆಸಿದೆವು.